ಸರ್ವೋದಯ ದಿನದ ಇನ್ನೂರ ಹನ್ನೆರಡು ಹದ್ದುಗಳು

ನೂರ ಮೂವತ್ತೇಳಕ್ಕೆ ಬಂದಾಗ ಕೆಳಗಿನ ಅಡುಗೆಮನೆಯಲ್ಲಿ ಕುಕ್ಕರ್ ಮೂರನೆಯ ಸಲ ಕೂಗಿತು. ಜಹನಾರಾ ಇಳಿಯಲಿಲ್ಲ. ಬೇಳೆ ಕರಗಿದರೆ ಕರಗಲಿ. ಎಣಿಕೆ ನಡುವೆ ನಿಂತರೆ ಮತ್ತೆ ಒಂದರಿಂದ ಶುರು ಮಾಡಬೇಕು.

ಶುಕ್ರವಾರ, ಬೆಳಿಗ್ಗೆ ಏಳೂವರೆ. ರಸೆಲ್ ಮಾರುಕಟ್ಟೆಯ ಮಾಂಸದ ಸಾಲಿನಲ್ಲಿ ಕತ್ತಿಗಳ ಕೆಲಸ ಆರಂಭವಾಗಿತ್ತು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಆಕಾಶವನ್ನು ಅವಳು ನಾಲ್ಕು ಪಾಲು ಮಾಡಿಕೊಂಡಿದ್ದಳು. ಚರ್ಚಿನ ಗೋಪುರದಿಂದ ಮಾರುಕಟ್ಟೆಯ ಗಡಿಯಾರದವರೆಗೆ ಒಂದು, ಗಡಿಯಾರದಿಂದ ಮಸೀದಿಯ ಮಿನಾರಿನವರೆಗೆ ಇನ್ನೊಂದು, ಹೀಗೆ. ಬೈನಾಕ್ಯುಲರ್ ಸ್ಟ್ಯಾಂಡಿನ ಮೇಲಿತ್ತು. ಎರಡು ಕೈಯಲ್ಲೂ ಗುಂಡಿ ಒತ್ತುವ ಪುಟ್ಟ ಎಣಿಕೆ ಯಂತ್ರಗಳು. ಬೆಳೆದ ಹಕ್ಕಿಗೆ ಎಡಗೈ, ಈ ವರ್ಷದ ಮರಿಗೆ ಬಲಗೈ. ಮರಿಯ ಎದೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ತಿಳಿ ಚುಕ್ಕಿಗಳಿರುತ್ತವೆ. ಅಭ್ಯಾಸವಾದ ಕಣ್ಣಿಗೆ ಗುರುತು ತಪ್ಪುವುದಿಲ್ಲ.

ಎಂಟಕ್ಕೆ ಎಡಗೈ ನೂರ ತೊಂಬತ್ತೊಂದು ತೋರಿಸಿತು. ಬಲಗೈ ಮೂರಕ್ಕೇ ನಿಂತಿತ್ತು.

ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಬಲಗೈಯ ಮೂರನ್ನು ಇನ್ನೊಮ್ಮೆ ನೋಡಿದಳು. ಏಪ್ರಿಲ್ ಕೊನೆಯ ವಾರ. ಈ ಹೊತ್ತಿಗೆ ಮೂರಲ್ಲ, ನಲವತ್ತಿರಬೇಕಿತ್ತು.

ಹದಿನಾಲ್ಕು ವರ್ಷಗಳಿಂದ ಅವಳು ಈ ತಾರಸಿಯ ಮೇಲೆ ಎಣಿಸುತ್ತಿದ್ದಾಳೆ. ಫ್ರೇಜರ್ ಟೌನಿನ ಕಾಲೇಜಿನಲ್ಲಿ ಗಣಿತ ಕಲಿಸುವವಳಿಗೆ ಇದೇನು ಹುಚ್ಚು ಎಂದು ಮೊದಮೊದಲು ಬೀದಿಯೇ ನಕ್ಕಿತ್ತು. ಮನೆಮಾತಿನಲ್ಲಿ ಹದ್ದಿಗೆ ಚೀಲ್ ಎನ್ನುತ್ತಾರೆ. ಅವಳು ಚೀಲ್ ಟೀಚರ್ ಆದಳು. ಆಮೇಲೆ ಪತ್ರಿಕೆಯವರು ಬಂದು ಸಂದರ್ಶನ ಮಾಡಿ ಅರ್ಧ ಪುಟ ಹಾಕಿದರು. ತಮ್ಮ ಶಫಿ ಅದನ್ನು ಕಟ್ಟು ಹಾಕಿಸಿ ಮಾಂಸದಂಗಡಿಯ ತಕ್ಕಡಿಯ ಮೇಲೆ ತೂಗುಬಿಟ್ಟ. 'ಒಂದು ಶುಕ್ರವಾರವೂ ತಪ್ಪಿಲ್ಲ' ಎಂಬ ಅವಳ ಮಾತೇ ತಲೆಬರಹ. ಕೀಮಾ ಕೊಳ್ಳಲು ಬಂದವರಿಗೆಲ್ಲ ಅವನು ಅದನ್ನು ಓದಿ ಹೇಳುತ್ತಿದ್ದ. ಬೇಡವೋ ಎಂದು ಗದರಿದರೂ ಆ ದಾರಿಯಲ್ಲಿ ಹೋದಾಗೆಲ್ಲ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆ ಅಂಗಡಿಯ ಬಾಗಿಲಿಗೆ ಈಗ ಮೂರು ವಾರದಿಂದ ಮೊಹರು. ಅಂಗಡಿಯಿರುವ ಮೂರು ಮಹಡಿಯ ಕಟ್ಟಡದ ಚಾವಣಿಯ ಮೇಲೆ ಒಂಬತ್ತು ಹದ್ದು ಸತ್ತು ಬಿದ್ದಿದ್ದವು. ಶಫಿ ಎಸೆದ ಮಾಂಸದಲ್ಲಿ ವಿಷವಿತ್ತು, ಅದರಿಂದಲೇ ಹದ್ದುಗಳ ಸಂತತಿ ಕುಸಿಯುತ್ತಿದೆ ಎಂದು ಇಂದಿರಾನಗರದ ಒಂದು ಸಲಹಾ ಸಂಸ್ಥೆ ವರದಿ ಕೊಟ್ಟಿತ್ತು. ಸೋಮವಾರ ಹನ್ನೊಂದಕ್ಕೆ ಪಾಲಿಕೆಯ ಕಮಿಟಿಯ ಮುಂದೆ ವಿಚಾರಣೆ. ಅಲ್ಲಿ ಸೋತರೆ ಅಪ್ಪನ ಕಾಲದ ಅಂಗಡಿ ಶಾಶ್ವತವಾಗಿ ಮುಚ್ಚುತ್ತದೆ, ಅದನ್ನೇ ನೆಪ ಮಾಡಿಕೊಂಡು ಇಡೀ ಮಾಂಸದ ಸಾಲನ್ನು ಊರಾಚೆ ಸಾಗಿಸುತ್ತಾರೆ.

ಆದರೆ ವಿಷಕ್ಕೆ ಹಕ್ಕಿಯ ವಯಸ್ಸು ಗೊತ್ತಾಗುವುದಿಲ್ಲ.

ಹದ್ದುಗಳ ಏರಿಳಿತ ತಿಳಿಯಲು ಜಹನಾರಾ ಕಟ್ಟಿದ ಗಣಿತದ ಮಾದರಿ ಮೂರು ಕೋಣೆಯ ಮನೆಯಂತಹದು. ತರಗತಿಯಲ್ಲಿ ಅವಳು ಹಾಗೆಯೇ ವಿವರಿಸುತ್ತಾಳೆ. ಮೊದಲ ಕೋಣೆಯಲ್ಲಿ ಈ ವರ್ಷದ ಮರಿಗಳು, ಎರಡನೆಯದರಲ್ಲಿ ಇನ್ನೂ ಗೂಡು ಕಟ್ಟದ ಹರೆಯದವು, ಮೂರನೆಯದರಲ್ಲಿ ಸಂಸಾರಸ್ಥ ಹಕ್ಕಿಗಳು. ವರ್ಷಕ್ಕೊಮ್ಮೆ ಪ್ರತಿ ಹಕ್ಕಿಯೂ ಮುಂದಿನ ಕೋಣೆಗೆ ದಾಟಬೇಕು, ಕೊನೆಯದರಲ್ಲಿದ್ದರೆ ಅಲ್ಲೇ ಉಳಿಯಬೇಕು, ಇಲ್ಲವೇ ಸಾಯಬೇಕು. ಮೂರನೆಯ ಕೋಣೆಯವು ಮೊದಲನೆಯದಕ್ಕೆ ಹೊಸ ಮರಿಗಳನ್ನು ಕಳಿಸುತ್ತವೆ. ಎಷ್ಟು ದಾಟುತ್ತವೆ, ಎಷ್ಟು ಉಳಿಯುತ್ತವೆ ಎಂಬುದನ್ನು ಹದಿನಾಲ್ಕು ವರ್ಷದ ಎಣಿಕೆಯಿಂದ ಅವಳು ತಿಳಿದಿದ್ದಳು. ಮನೆಯಲ್ಲಿ ಏನಾಗಿದೆ ಎಂದು ತಿಳಿಯಲು ಯಾವ ಕೋಣೆ ಖಾಲಿಯಾಗಿದೆ ಎಂದು ನೋಡಿದರಾಯಿತು.

ವಿಷವಾಗಿದ್ದರೆ ಮೂರೂ ಕೋಣೆಗಳು ಸೊರಗಬೇಕಿತ್ತು. ಇಲ್ಲಿ ಬೆಳೆದವು ಒಂದೂ ಕಡಿಮೆಯಾಗಿಲ್ಲ. ಮೊದಲ ಕೋಣೆಯೊಂದನ್ನೇ ಯಾರೋ ಗುಡಿಸಿ ಬಿಟ್ಟಿದ್ದಾರೆ. ಮರಿಗಳು ಹಾರುವ ಮೊದಲೇ, ಗೂಡಿನಿಂದಲೇ.

ಬೇಳೆ ನಿಜವಾಗಿಯೂ ಕರಗಿಹೋಗಿತ್ತು. ಅದಕ್ಕೆ ಹುಣಸೆ ಹಾಕಿ ಸಾರು ಮಾಡುತ್ತಿದ್ದಾಗ ಯಂಕಮ್ಮ ಬಂದಳು.

ಯಂಕಮ್ಮ ಮಾರುಕಟ್ಟೆಯಲ್ಲಿ ಕಸ ಗುಡಿಸುವವಳು. ಸುರಪುರದ ಕಡೆಯಿಂದ ಬಂದು ಇಪ್ಪತ್ತು ವರ್ಷವಾಯಿತು. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ಮಗಳು ಪ್ರಿಯದರ್ಶಿನಿ ಚಿಕ್ಕವಳಿದ್ದಾಗ ಅಮ್ಮನ ಕೆಲಸ ಮುಗಿಯುವವರೆಗೆ ಈ ತಾರಸಿಯ ಮೇಲೆ ಕೂತಿರುತ್ತಿದ್ದಳು. ಎಣಿಸುವುದನ್ನು ಇಲ್ಲೇ ಕಲಿತಳು. ಜಹನಾರಾಳ ಕಾಲೇಜಿನಲ್ಲೇ ಓದಿ, ಎಂ.ಎಸ್ಸಿ. ಮುಗಿಸಿ, ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ್ದು ಇಂದಿರಾನಗರದ ಅದೇ ಸಂಸ್ಥೆಗೆ. ಸೇರಿದ ದಿನ ಮೂವರೂ ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿಂದಿದ್ದರು.

ತಂಗಿಯ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದ ಯಂಕಮ್ಮ ಬುಧವಾರವಷ್ಟೇ ಮರಳಿದ್ದಳು. ಸೆರಗಿನ ಮರೆಯಿಂದ ಬಿಸ್ಕತ್ತಿನ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

“ಹಕ್ಕಿ ಸತ್ತ ದಿನಾನ ಇಟ್ಟಿದ್ನಿರಿ ಅಕ್ಕಾರ. ಕೊಡಾಕ ಆಗ್ಲಿಲ್ಲ, ಬಸ್ ಹೊತ್ತಾಗಿತ್ತು. ಉಪ್ಪು ಹಾಕೀನಿ, ನೀವು ಹೇಳ್ದಂಗ.”

ಒಳಗೆ ಉಪ್ಪಿನಲ್ಲಿ ಹೂತ ಒಂದು ರೆಕ್ಕೆ. ಸತ್ತ ಹಕ್ಕಿ ಸಿಕ್ಕರೆ ಒಂದು ರೆಕ್ಕೆ ಉಪ್ಪಿನಲ್ಲಿ ಹಾಕಿಡಿ ಎಂದು ಗುಡಿಸುವ ಹೆಂಗಸರಿಗೆ ಜಹನಾರಾ ವರ್ಷಗಳ ಹಿಂದೆ ಹೇಳಿಟ್ಟಿದ್ದಳು. ಹಕ್ಕಿಗಳನ್ನು ಅಂದೇ ಸುಟ್ಟುಬಿಟ್ಟಿದ್ದಾರೆ, ಇನ್ನು ಸಾಕ್ಷಿ ಇಲ್ಲ ಎಂದುಕೊಂಡಿದ್ದಳು.

ಕಿಟಕಿಯ ಬಳಿ ಒಯ್ದು ರೆಕ್ಕೆಯನ್ನು ಬಿಡಿಸಿದಳು. ದೊಡ್ಡ ಗರಿಗಳ ಬುಡದಲ್ಲಿ ನೀಲಿಛಾಯೆಯ ಕೊಳವೆಯಂತಹ ಪೊರೆ ಇನ್ನೂ ಇತ್ತು. ಗರಿ ಅದರಿಂದ ಅರ್ಧವಷ್ಟೇ ಹೊರಬಂದಿತ್ತು. ಈ ಹಕ್ಕಿ ಹಾರಲು ಇನ್ನೂ ಎರಡು ವಾರ ಬೇಕಿತ್ತು.

ಉಳಿದ ಎಂಟು ಹೇಗಿದ್ದವು ಎಂದು ಕೇಳಿದಳು.

“ಎಲ್ಲಾ ಇಂಥಾವ. ಒಂಬತ್ತೂ ಮರಿನ. ಬಾಯಾಗ ಇನ್ನಾ ಹಾಲು ಅನ್ನೂವಂಥಾವು.”

ಹಾರಲಾರದ ಒಂಬತ್ತು ಮರಿಗಳು ಮೂರು ಮಹಡಿಯ ಮೇಲಿನ ಚಾವಣಿಗೆ ಬಂದದ್ದು ಹೇಗೆ? ಆ ಕಟ್ಟಡದ ಹತ್ತಿರ ಒಂದು ಮರವಿಲ್ಲ. ಗೂಡಿನಿಂದ ಬಿದ್ದವಲ್ಲ. ಯಾರೋ ಹೊತ್ತು ತಂದು ಸಾಲಾಗಿ ಹಾಕಿದ್ದಾರೆ.

ಯಂಕಮ್ಮ ಇನ್ನೊಂದನ್ನೂ ತಂದಿದ್ದಳು. ಮಗಳು ಕೊಟ್ಟಿದ್ದ ವರದಿಯ ಪ್ರತಿ. ಅಕ್ಷರ ಬಾರದಿದ್ದರೂ ಮಗಳ ಹೆಸರು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಆ ಪುಟದ ಮೂಲೆ ಮಡಚಿದ್ದಳು. ಈಗ ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೂ ತೋರಿಸಿದೆ ಎಂದು ನಕ್ಕಳು. ಈ ಪುಸ್ತಕವೇ ಶಫಿಯ ಬಾಗಿಲಿಗೆ ಮೊಹರು ಹಾಕಿಸಿದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಜಹನಾರಾಳಿಗೂ ಹೇಳಲು ಬಾಯಿ ಬರಲಿಲ್ಲ.

“ಪ್ರಿಯದರ್ಶಿನಿ ಎಲ್ಲಿದ್ದಾಳೆ?” ಎಂದಷ್ಟೇ ಕೇಳಿದಳು.

“ಆಫೀಸ್ ಕೆಲಸಕ್ಕ ಊರ ಹೊರಗ ಹೋಗ್ಯಾಳಂತ. ಮೂರು ದಿನಾತು. ಭಾಳ ದೊಡ್ಡ ಕೆಲಸ ಕೊಟ್ಟಾರ್ರಿ ಆಕಿಗೆ.”

ಯಂಕಮ್ಮ ವರದಿಯನ್ನು ಬಿಟ್ಟು ಹೋದ ಮೇಲೆ ಜಹನಾರಾ ಅದರ ಕೋಷ್ಟಕ ತೆರೆದಳು. ವಾರಕ್ಕೊಂದು ಎಣಿಕೆ, ತನ್ನಂತೆಯೇ ಪ್ರತಿ ಶುಕ್ರವಾರ. ನವೆಂಬರಿನಲ್ಲಿ ಇನ್ನೂರ ನಲವತ್ತು, ಆಮೇಲೆ ಮೆಟ್ಟಿಲಿಳಿದ ಹಾಗೆ ಇಳಿಕೆ. ನಿಜವಾದ ಹದ್ದುಗಳು ಹೀಗೆ ಶಿಸ್ತಾಗಿ ಕಡಿಮೆಯಾಗುವುದಿಲ್ಲ. ಮಳೆ ಬಂದರೆ ಇಳಿಯುತ್ತವೆ, ಹಬ್ಬ ಬಂದರೆ ಏರುತ್ತವೆ. ಬೆರಳು ಜಾರಿಸುತ್ತ ಬಂದವಳು ಒಂದು ಸಾಲಿನಲ್ಲಿ ನಿಂತಳು.

ಜನವರಿ ಮೂವತ್ತು: ಇನ್ನೂರ ಹನ್ನೆರಡು.

ತನ್ನ ನೋಟ್‌ಬುಕ್ ತೆಗೆದು ಅದೇ ದಿನದ ಸಾಲು ನೋಡಿದಳು. ನಂತರ ಬಟ್ಟೆ ಬದಲಿಸಿ, ಡಬ್ಬಿಯನ್ನು ಕೈಚೀಲದ ತಳಕ್ಕೆ ಹಾಕಿ, ಆಟೊ ಹಿಡಿದಳು.

ಹಲಸೂರು ಕೆರೆಯ ಪಕ್ಕದ ಸಿಗ್ನಲ್ಲಿನಲ್ಲಿ ಆಟೊ ನಿಂತಾಗ ಮರಗಳ ಮೇಲೆ ಹದ್ದಿನ ಗೂಡುಗಳು ಕಂಡವು. ಒಂದರ ಅಂಚಿನಲ್ಲಿ ಒಂಟಿ ಹಕ್ಕಿ ಕೂತಿತ್ತು. ಅದರ ಮುಂದೆ ಗೂಡು ಖಾಲಿ ಎಂದು ಕೆಳಗಿನಿಂದಲೇ ಅವಳಿಗೆ ತಿಳಿಯಿತು. ಮರಿ ಇದ್ದ ಹಕ್ಕಿ ಹಾಗೆ ಕೂರುವುದಿಲ್ಲ.

ನೂರಡಿ ರಸ್ತೆಯ ಹಿಂಬದಿಯಲ್ಲಿ, ಒಂದು ಪಬ್ಬಿನ ಪಕ್ಕದ ಹಳೆಯ ಬಂಗಲೆಯೇ ಆ ಆಫೀಸು. ಮುಖ್ಯಸ್ಥ ಅಂಜನಮೂರ್ತಿ ಬಾಗಿಲವರೆಗೆ ಬಂದು ಕರೆದುಕೊಂಡು ಹೋದ. ಐವತ್ತರ ಆಸುಪಾಸು, ಮೃದುವಾದ ಮಾತು. ಕಾಫಿ ತರಿಸಿದ. ನಿಮ್ಮ ಶಿಷ್ಯೆ ಅಂದರೆ ನಮ್ಮ ಆಫೀಸಿನ ಬೆನ್ನೆಲುಬು ಎಂದ. ಅವಳನ್ನು ನೋಡಬಹುದೇ ಎಂದು ಜಹನಾರಾ ಕೇಳಿದಳು.

“ಅಯ್ಯೋ, ಬುಧವಾರದಿಂದ ರಜೆ ಹಾಕಿದ್ದಾಳಲ್ಲ. ಅವಳಮ್ಮನಿಗೆ ಹುಷಾರಿಲ್ವಂತೆ.”

ಜಹನಾರಾ ಕಾಫಿಯನ್ನು ಒಂದು ಗುಟುಕು ಕುಡಿದಳು. ಆ ಅಮ್ಮ ಇಂದು ಬೆಳಿಗ್ಗೆ ತನ್ನ ಅಡುಗೆಮನೆಯಲ್ಲಿ ನಿಂತು ನಕ್ಕು ಹೋಗಿದ್ದಳು. ಮನೆಯವರಿಗೆ ಆಫೀಸಿನ ಕೆಲಸ, ಆಫೀಸಿಗೆ ಮನೆಯ ಕಾಯಿಲೆ. ಹಾಗಾದರೆ ಹುಡುಗಿ ಎಲ್ಲಿ? ಆ ಪ್ರಶ್ನೆಯನ್ನು ನುಂಗಿಕೊಂಡು ವರದಿ ತೆರೆದಳು.

“ನಿಮ್ಮ ಮಾದರಿಯಲ್ಲಿ ವಯಸ್ಸೇ ಇಲ್ಲ. ಮರಿ, ಮುದುಕ ಎಲ್ಲಾ ಒಂದೇ ಸಂಖ್ಯೆ.”

“ಮೇಡಂ, ಕಮಿಟಿಯವ್ರಿಗೆ ಒಂದು ಗ್ರಾಫ್ ಸಾಕು. ಮೂರು ಕೊಟ್ರೆ ಟೀ ಬ್ರೇಕ್ ಕೇಳ್ತಾರೆ.”

“ಜನವರಿ ಮೂವತ್ತು ಯಾರು ಎಣಿಸಿದ್ರು?”

“ನಂಬರ್ ಇದೆ ಅಂದ್ಮೇಲೆ ಯಾರೋ ಎಣಿಸಿರ್ತಾರೆ.”

“ಆವತ್ತು ಸರ್ವೋದಯ ದಿನ. ಊರಲ್ಲಿ ಒಂದು ಮಾಂಸದಂಗಡಿನೂ ತೆಗೆದಿರ್ಲಿಲ್ಲ. ಕತ್ತಿ ಆಡದ ದಿನ ಹದ್ದುಗಳು ಅಲ್ಲಿಗ್ಯಾಕೆ ಬರ್ತಾವೆ? ನಾನೂ ಎಣಿಸಿದೀನಿ. ಒಂಬತ್ತು. ನಿಮ್ಮ ಇನ್ನೂರ ಹನ್ನೆರಡನ್ನ ಯಾರೂ ನೋಡಿಲ್ಲ, ಗೆರೆ ಎಳೆದು ಅದರ ಮೇಲಿಂದ ಎತ್ತಿಕೊಂಡಿದ್ದು.”

ಅಂಜನಮೂರ್ತಿ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದ. ಅವನಿಗೆ ಅದು ಗೊತ್ತಿರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. ಸರ್ವೋದಯ ದಿನ ಮಾರುಕಟ್ಟೆ ಹೇಗಿರುತ್ತದೆಂದು ಅಲ್ಲಿ ಕಾಲಿಡದವನಿಗೆ ತಿಳಿಯುವುದಾದರೂ ಹೇಗೆ? ಜಹನಾರಾಳ ಕೈ ಚೀಲದೊಳಗಿನ ಡಬ್ಬಿಯ ಮೇಲಿತ್ತು. ಈಗಲೇ ತೆಗೆದು ಮೇಜಿನ ಮೇಲಿಡುವ ಆಸೆ ಬಂತು. ಗೆದ್ದೆ ಎನ್ನಿಸಿತ್ತು ಅವಳಿಗೆ.

ಅವನು ಎದ್ದು ಕಪಾಟಿನಿಂದ ಒಂದು ಕಡತ ತಂದ.

“ಫೀಲ್ಡ್ ಶೀಟ್ ಎಲ್ಲಾ ಪ್ರಿಯದರ್ಶಿನಿದು. ಸೈನ್ ಅವಳದ್ದೇ. ಸುಳ್ಳು ಬರೆದಿದ್ರೆ ಅವಳ ಕೆಲ್ಸ ಹೋಗತ್ತೆ, ಹೆಸರೂ ಹೋಗತ್ತೆ. ಇನ್ನು ಯಾರೂ ಅವಳನ್ನ ಒಂದು ಗುಬ್ಬಿ ಎಣಿಸೋಕೂ ಕರೆಯಲ್ಲ. ಅದು ನಿಮಗೆ ಓಕೆನಾ?”

ಜಹನಾರಾ ಕಡತವನ್ನು ಎಳೆದುಕೊಂಡು ಆ ಸಹಿಯನ್ನು ನೋಡಿದಳು.

“ಮತ್ತೆ ಇದು.” ಎರಡು ಹಾಳೆಗಳನ್ನು ಅವಳ ಕಡೆ ತಿರುಗಿಸಿಟ್ಟ. ಒಂದು ಶಫಿಯ ಅಂಗಡಿಯಲ್ಲಿದ್ದ ಸಂದರ್ಶನದ ಪ್ರತಿ. ಇನ್ನೊಂದು ಅವಳದೇ ನೋಟ್‌ಬುಕ್ಕಿನ ಒಂದು ಪುಟ, ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರಿಯದರ್ಶಿನಿ ಅವಳ ಅನುಮತಿ ಪಡೆದೇ ಹಳೆಯ ಎಣಿಕೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಳು.

ಸಂದರ್ಶನದಲ್ಲಿ ಎರಡು ಕಡೆ ಹಳದಿ ಬಣ್ಣ ಬಳಿದಿತ್ತು. ಒಂದು ತಲೆಬರಹ. ಇನ್ನೊಂದು ಕೆಳಗೆ, ಕೊನೆಯ ಸಾಲುಗಳಲ್ಲಿ: ಪತಿ ಅಜ್ಮತ್ ಕೋವಿಡ್‌ನಿಂದ ತೀರಿಕೊಂಡ ಆ ಮೇ ತಿಂಗಳು ಪೂರ್ತಿ ಹಗಲು ರಾತ್ರಿ ಆಸ್ಪತ್ರೆಯ ಗೇಟಿನಲ್ಲೇ ಕಳೆದೆ.

“ಗೇಟಲ್ಲಿದ್ದೋರು ತಾರಸಿ ಮೇಲೆ ಹೇಗೆ ಎಣಿಸಿದ್ರಿ ಮೇಡಂ? ನಾಲ್ಕು ಶುಕ್ರವಾರ, ನಾಲ್ಕು ನಂಬರ್.” ಅವನ ದನಿ ಏರಲಿಲ್ಲ. “ಸೋಮವಾರ ನೀವು ನೋಟ್‌ಬುಕ್ ತೆಗೆದ್ರೆ ನಾನು ಇದನ್ನ ತೆಗೀತೀನಿ. ನೀವು ಬರ್ಲೇ ಇಲ್ಲ ಅಂದ್ರೆ ಯಾರ ಹೆಸರೂ ಕೆಡಲ್ಲ. ಯೋಚ್ನೆ ಮಾಡಿ.”

ಅವಳು ಎದ್ದಳು. ಡಬ್ಬಿ ಚೀಲದಲ್ಲೇ ಉಳಿಯಿತು. ಬಾಗಿಲಲ್ಲಿ ತಿರುಗಿ, ಕಾಫಿ ಚೆನ್ನಾಗಿತ್ತು ಎಂದಳು.

ಮನೆಗೆ ಬಂದವಳು ದುಪಟ್ಟಾ ಕೂಡ ತೆಗೆಯದೆ ತಾರಸಿ ಹತ್ತಿ, ನೆರಳಿನಲ್ಲಿ ಕೂತು, ಆ ವರ್ಷದ ನೋಟ್‌ಬುಕ್ ತೆರೆದಳು. ಐದು ವರ್ಷದಿಂದ ಆ ಪುಟವನ್ನು ಅವಳು ತಿರುವಿರಲಿಲ್ಲ.

ಎಣಿಸಲಾಗದ ದಿನ ಬಂದರೆ ಮಾದರಿ ಹೇಳುವ ಸಂಖ್ಯೆ ಹಾಕು, ಆದರೆ ಪಕ್ಕದಲ್ಲಿ ಒಂದು ಚುಕ್ಕಿ ಇಡು. ನೋಡದ್ದನ್ನು ನೋಡಿಲ್ಲ ಎಂದು ಆ ಚುಕ್ಕಿ ಹೇಳಬೇಕು. ಹುಡುಗಿಯರಿಗೆ ಅವಳು ಕಲಿಸುವ ಮೊದಲ ಪಾಠ ಅದು. ಆ ನಾಲ್ಕು ಸಾಲುಗಳ ಪಕ್ಕದಲ್ಲಿ ಚುಕ್ಕಿ ಇರಲಿಲ್ಲ. ಅಜ್ಮತ್‌ನ ನಲವತ್ತನೇ ದಿನ ಮುಗಿದ ಮೇಲೆ ಇಲ್ಲೇ ಕೂತು ಬರೆದದ್ದು ನೆನಪಿತ್ತು. ಆ ತಿಂಗಳು ಎಲ್ಲವೂ ಮುರಿದುಬಿದ್ದಿತ್ತು. ಇದೊಂದು ಮುರಿಯದೆ ಉಳಿಯಲಿ ಎಂದು ಬೇಡಿಕೊಂಡಿದ್ದಳು, ಯಾರನ್ನು ಎಂದು ಗೊತ್ತಿಲ್ಲ. ಆಮೇಲೆ 'ಒಂದು ಶುಕ್ರವಾರವೂ ತಪ್ಪಿಲ್ಲ' ಎಂದು ಹೇಳಿ ಹೇಳಿ ತಾನೇ ನಂಬಿದ್ದಳು.

ಏಳನೇ ತಾರೀಖು ಇನ್ನೂರ ಎಂಟು. ಹದಿನಾಲ್ಕು, ಇನ್ನೂರ ಹತ್ತು. ಇಪ್ಪತ್ತೊಂದು, ಇನ್ನೂರ ಹನ್ನೊಂದು. ಇಪ್ಪತ್ತೆಂಟು, ಅಜ್ಮತ್ ಹೋದ ದಿನ.

ಇನ್ನೂರ ಹನ್ನೆರಡು.

ಅವಳು ಪುಟದ ಮೇಲೆ ಅಂಗೈ ಇಟ್ಟಳು.

ಅದೇ ಸಂಖ್ಯೆ. ಹದಿನಾಲ್ಕು ವರ್ಷದ ಏಳುನೂರು ಸಾಲಿನಲ್ಲಿ ಆಕಸ್ಮಿಕವಾಗಿ ಸಿಗಬಹುದು. ಆದರೆ ಈ ಪುಟವನ್ನು ಕಂಪ್ಯೂಟರಿಗೆ ಏರಿಸಿದವಳು ಪ್ರಿಯದರ್ಶಿನಿ. ಆ ಮೇ ತಿಂಗಳು ಆಸ್ಪತ್ರೆಯ ಗೇಟಿಗೆ ದಿನವೂ ಜೋಳದ ರೊಟ್ಟಿ ತಂದುಕೊಡುತ್ತಿದ್ದವಳೂ ಅವಳೇ. ಟೀಚರ್ ಎಲ್ಲಿದ್ದಳೆಂದು ಅವಳಿಗೆ ಗೊತ್ತಿತ್ತು. ಸಾಲು ಸುಳ್ಳೆಂದು ಗೊತ್ತಿದ್ದೂ ಒಂದು ಮಾತು ಆಡಿರಲಿಲ್ಲ.

ಮತ್ತೆ ಆ ದಿನಾಂಕ. ಮಾರುಕಟ್ಟೆ ಗುಡಿಸುವವಳ ಮಗಳು ಸರ್ವೋದಯ ದಿನವನ್ನು ಮರೆಯುವುದೇ? ವರ್ಷದಲ್ಲಿ ಅಮ್ಮನಿಗೆ ಬೇಗ ಕೆಲಸ ಮುಗಿಯುತ್ತಿದ್ದ ದಿನಗಳನ್ನು ಆ ಹುಡುಗಿ ಬೆರಳ ಮೇಲೆ ಎಣಿಸಿಟ್ಟುಕೊಂಡು ಬೆಳೆದವಳು. ಬೇರೆ ಯಾರಿಗೂ ಕಾಣದ, ಒಬ್ಬಳಿಗೆ ಮಾತ್ರ ಕಾಣುವ ತಪ್ಪನ್ನು ಅವಳು ಬೇಕೆಂದೇ ಆ ವರದಿಯ ನಡುವೆ ಇಟ್ಟಿದ್ದಳು.

ಬಂದು ಬಿಡಿಸಿ ಎಂದೇ? ಅಥವಾ ನಿಮ್ಮಿಂದಲೇ ಕಲಿತೆ ಎಂದೇ? ಫೋನ್ ಮಾಡಿದರೆ ಸ್ವಿಚ್ ಆಫ್. ಮೂರು ದಿನದಿಂದ ಅವಳು ಎಲ್ಲಿದ್ದಾಳೆಂದು ತಾಯಿಗೂ ಗೊತ್ತಿಲ್ಲ, ಆಫೀಸಿಗೂ ಗೊತ್ತಿಲ್ಲ.

ಭಯದ ನಡುವೆಯೂ ಜಹನಾರಾಳ ಎದೆಯಲ್ಲಿ ಏನೋ ಅರಳಿತು. ಎಂಥ ಹುಡುಗಿ. ಬೆದರಿಸಿಯೇ ಬರೆಸಿರಬೇಕಾದ ಸುಳ್ಳಿನೊಳಗೇ ನಿಜದ ಕೀಲಿ ಇಟ್ಟು ಹೋಗಿದ್ದಾಳೆ. ತಾನು ಕಲಿಸಿದವರಲ್ಲಿ ಇಷ್ಟು ಚೊಕ್ಕವಾಗಿ ಯೋಚಿಸಿದವರು ಇನ್ನೊಬ್ಬರಿಲ್ಲ.

ಜುಮ್ಮಾ ನಮಾಜು ಮುಗಿಸಿ ಶಫಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ. ಮೇಲೆ ಬರಲು ಅವನಿಗೆ ಮಂಡಿನೋವು.

“ಆಪಾ, ಸೋಮವಾರಕ್ಕೆ ಎಲ್ಲಾ ರೆಡಿನಾ? ಮೊಹರು ಹಾಕ್ದವ್ರನ್ನ ಕೇಳಿ ಅಂಗಡಿಯಿಂದ ಆ ಫ್ರೇಮ್ ತೆಗೆಸ್ಕೊಂಡು ಬರ್ಲಾ? ಅವ್ರಿಗೂ ತೋರಿಸೋಣ, ನೀನು ಯಾರು ಅಂತ.”

ಅವಳು ಕೆಳಗೆ ಬಗ್ಗಿ ನೋಡಿದಳು. ತಮ್ಮನ ಬಿಳಿ ಟೋಪಿ, ಎತ್ತಿದ ಮುಖ. ಮೂರು ವಾರದಲ್ಲಿ ಇಷ್ಟು ಬಡವಾಗಿದ್ದಾನೆ, ಆದರೂ ಅಕ್ಕನ ಮಾತು ಬಂದಾಗ ಅದೇ ಠೀವಿ.

“ಫ್ರೇಮ್ ಬೇಡ. ಮಿಕ್ಕಿದ್ದೆಲ್ಲ ರೆಡಿ,” ಎಂದಳು.

ಅವನು ಒಳಗೆ ಹೋದ ಮೇಲೆ ಪೆನ್ನು ತೆಗೆದಳು. ಮೇ ತಿಂಗಳ ನಾಲ್ಕು ಸಾಲುಗಳ ಪಕ್ಕದಲ್ಲಿ, ಒಂದೊಂದಾಗಿ, ನಾಲ್ಕು ಚುಕ್ಕಿ ಇಟ್ಟಳು. ಕೆಳಗೆ ಇಂದಿನ ತಾರೀಖು ಹಾಕಿ ಸಹಿ ಮಾಡಿದಳು. ಅಂಜನಮೂರ್ತಿ ತೆಗೆಯುವ ಮೊದಲು ಸೋಮವಾರ ಈ ಪುಟವನ್ನು ತಾನೇ ತೆರೆದು ತೋರಿಸುವಳು. ಸುಳ್ಳು ಸಾಲು ಹೇಗೆ ಹುಟ್ಟುತ್ತದೆಂದು ತನ್ನ ಬಾಯಿಂದಲೇ ಹೇಳುವಳು, ಆ ಹುಡುಗಿ ಕಲಿತದ್ದು ನನ್ನಿಂದ ಎನ್ನುವಳು. ಅದರ ನಂತರ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯುವಳು. ಆಗ ತನ್ನನ್ನು ನಂಬುವುದು ಬಿಡುವುದು ಕಮಿಟಿಯವರಿಗೆ ಸೇರಿದ್ದು, ರೆಕ್ಕೆಯನ್ನು ನಂಬಲೇಬೇಕು.

ಪುಟ ಒಣಗಲೆಂದು ನೋಟ್‌ಬುಕ್ಕನ್ನು ತೆರೆದೇ ಇಟ್ಟಳು. ಕೆಳಗೆ ಶಫಿ ಸಾರಿಗೆ ಉಪ್ಪು ಸಾಲದೆಂದು ಏನೋ ಹೇಳುತ್ತಿದ್ದ. ಬಂದೆ ಎಂದು ಕೂಗಿ, ಅವಳು ಬೈನಾಕ್ಯುಲರನ್ನು ಆ ಖಾಲಿ ಗೂಡಿದ್ದ ಹಲಸೂರು ಕೆರೆಯ ದಿಕ್ಕಿಗೆ ತಿರುಗಿಸಿದಳು.